ಗೊಮ್ಮಾರ್ ಅಂಟಿಸಿದ ಕ್ರಿಸ್ಮಸ್

ಗೊಮ್ಮಾರ್ ಸುಳ್ಳುಗಾರನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ; ಕಥೆ ಶುರುವಾದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನು ನಿಜಕ್ಕೆ ಸ್ವಲ್ಪ ಇಸ್ತ್ರಿ ಮಾಡಿ ಹೊರಗೆ ಕಳಿಸುತ್ತಿದ್ದ, ಅಷ್ಟೆ.

ನಮ್ಮ ಲಿಂಡೆಬೇಕ್ ಊರಿನ ‘ಮೂರು ಹೆಬ್ಬಾತು’ ಬಿಯರ್ ಕಾರ್ಖಾನೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಬಾಟಲಿಗಳಿಗೆ ಲೇಬಲ್ ಅಂಟಿಸುತ್ತಿದ್ದ. ನಾನು ಅದೇ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದೆ. ಅವನು ಅಂಟಿಸಿದ್ದನ್ನು ನಾನು ಮನೆಮನೆಗೆ ಹಂಚುತ್ತಿದ್ದೆ. ಆದ್ದರಿಂದ ಆ ವರ್ಷ ನಡೆದ ಅನಾಹುತದಲ್ಲಿ ನನಗೂ ಅರ್ಧ ಪಾಲಿದೆ ಎಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ.

ಕಾರ್ಖಾನೆಯಲ್ಲಿ ಲೇಬಲ್ ಅಂಟಿಸುವ ಗೊಮ್ಮಾರ್, ಹೆಂಡತಿಯ ತವರಿನವರ ನಡುವೆ ಮಾತ್ರ ‘ರುಚಿ ಪರೀಕ್ಷಕ’ನಾಗಿದ್ದ. ಇದಕ್ಕೆ ಕಾರಣ ಅವನ ಷಡ್ಡಕ ಅಲ್ಬೆರಿಕ್. ಈತ ಬ್ರಸೆಲ್ಸಿನಲ್ಲಿ ವಿಮೆಯ ಕೆಲಸದವನು. ಬೇಸಿಗೆಯಲ್ಲೂ ತೊಗಲಿನ ಕೈಗವಸು ಹಾಕುವವನು. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಂಡು ಎಲ್ಲರೂ ತನ್ನ ಕಡೆ ತಿರುಗುವ ತನಕ ಕಾಯುವವನು. ಯಾವುದೋ ನಾಮಕರಣದ ಊಟದಲ್ಲಿ ಅವನು, “ಭಾವ, ಕಾರ್ಖಾನೇಲಿ ನಿಮ್ಮ ಕೆಲಸ ಏನು?” ಎಂದು ಕೇಳಿದ. ಆ ಹೊತ್ತಿಗೆ ಗೊಮ್ಮಾರನ ಬಾಯಿ ತುಂಬ ಮೊಲದ ಮಾಂಸವಿತ್ತು. “ರುಚಿ…” ಎಂದ. ‘ರುಚಿಯಾಗಿದೆ’ ಎಂದು ಹೇಳಹೊರಟಿದ್ದ ಎಂಬುದು ನನ್ನ ನಂಬಿಕೆ.

“ಓ! ರುಚಿ ನೋಡೋರಾ!” ಎಂದು ಅಲ್ಬೆರಿಕ್ ಹುಬ್ಬೇರಿಸಿದ.

ಅಂಥ ಮನುಷ್ಯನ ಹುಬ್ಬು ತನಗಾಗಿ ಏರಿದ್ದು ಅದೇ ಮೊದಲು. ಅದನ್ನು ಇಳಿಸಲು ಗೊಮ್ಮಾರನಿಗೆ ಮನಸ್ಸಾಗಲಿಲ್ಲ. ಹೀಗೆ ಒಂದು ತುತ್ತು ನುಂಗುವಷ್ಟರಲ್ಲಿ ಅವನಿಗೆ ಬಡ್ತಿ ಸಿಕ್ಕಿತು.

ಆ ಡಿಸೆಂಬರಿನಲ್ಲಿ ಕಾರ್ಖಾನೆಯ ಹವಾ ಚೆನ್ನಾಗಿರಲಿಲ್ಲ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಹೊರ್ತೆನ್ಸ್ ಅಮ್ಮಾವ್ರು ಆಫೀಸಿನಲ್ಲಿ ಕೋಟು ಬಿಚ್ಚದೆ ಕೂತು ಆಡಳಿತ ನೋಡುತ್ತಿದ್ದರು. ಬಿಯರ್ ಕಾರ್ಖಾನೆಯ ಒಡತಿಯಾದರೂ ಅವರು ಹಾಲು ಹಾಕಿದ ಕಾಫಿಯ ಹೊರತು ಬೇರೇನನ್ನೂ ಬಾಯಿಗೆ ಹಾಕಿದವರಲ್ಲ. ಬಿಯರ್ ಕುದಿಸುವವನು ಒಡಿಲೋನ್ ಮೇಸ್ತ್ರಿ. ನಲವತ್ತು ವರ್ಷದಿಂದ ಪ್ರತಿ ಚಳಿಗಾಲಕ್ಕೂ ಕ್ರಿಸ್ಮಸ್ ಬಿಯರ್ ಮಾಡುತ್ತಿದ್ದ ಮುದುಕ. ಇಬ್ಬರಿಗೂ ಜಗಳವಾದಾಗ ನಾನು ಅಲ್ಲೇ ಕ್ರೇಟ್ ಎತ್ತುತ್ತಿದ್ದೆ.

“ಮೇಸ್ತ್ರಿ, ನಿಮ್ಮ ಕ್ರಿಸ್ಮಸ್ ಬಿಯರ್ ಒಂದು ಕೊಪ್ಪರಿಗೆಗೆ ಹೋಗೋ ಬಾರ್ಲಿ ಮಾಲ್ಟಲ್ಲಿ ಮಾಮೂಲಿ ಬಿಯರ್ ಎರಡು ಕೊಪ್ಪರಿಗೆ ಆಗತ್ತೆ. ಮೇಲೆ ಹತ್ತು ವಾರ ನೆಲಮಾಳಿಗೆ ಪೂರ್ತಿ ಅದಕ್ಕೇ ಬೇಕು. ಮುಂದಿನ ವರ್ಷದಿಂದ ಮಾಮೂಲಿ ಬಿಯರಿಗೇ ಹಿಮದ ಚಿತ್ರ ಅಂಟಿಸಿ ಕಳಿಸೋಣ. ಯಾರಿಗೆ ಗೊತ್ತಾಗತ್ತೆ?”

“ನಾಲಿಗೆಗೆ ಗೊತ್ತಾಗತ್ತೆ, ಅಮ್ಮಾವ್ರೇ.”

“ಜನ ಕುಡಿಯೋದು ಲೇಬಲ್ಲನ್ನ, ಮೇಸ್ತ್ರಿ. ಬಿಯರನ್ನಲ್ಲ.”

ಒಡಿಲೋನ್ ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಅವನ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಕೊನೆಗೆ, ಈ ಕ್ರಿಸ್ಮಸ್ ಕಳೆಯಲಿ, ಆಮೇಲೆ ತೀರ್ಮಾನ ಎಂದು ಇಬ್ಬರೂ ಬೆನ್ನು ತಿರುಗಿಸಿದರು.

ಇಂಥ ಹೊತ್ತಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಗೊಮ್ಮಾರ್ ತನ್ನ ಷಡ್ಡಕನನ್ನು ಕಾರ್ಖಾನೆ ತೋರಿಸಲು ಕರೆತಂದ.

ಬಾಟಲಿ ಕೋಣೆಯಲ್ಲಿ ಎರಡು ರಾಶಿಗಳಿದ್ದವು. ಒಂದು ಕ್ರಿಸ್ಮಸ್ ಬಿಯರ್. ಇನ್ನೊಂದು, ನಾವೆಲ್ಲ ಮಧ್ಯಾಹ್ನ ಊಟದ ಜೊತೆ ನೀರಿನ ಬದಲು ಕುಡಿಯುವ ಊಟದ ಬಿಯರ್. ಅಜ್ಜಿಯರು ಕೂಡ ಕುಡಿಯುವಂಥದ್ದು. ಅದರಲ್ಲಿ ಅಮಲು ಹುಡುಕಬೇಕಾದರೆ ಒಂದು ಬಾವಿಯಷ್ಟು ಕುಡಿಯಬೇಕು. ಎರಡೂ ಕಡು ಕಂದು. ಬಾಟಲಿ ಒಂದೇ, ಮುಚ್ಚಳ ಒಂದೇ. ಒಡಿಲೋನ್ ಬೆಳಿಗ್ಗೆಯೇ ಹೇಳಿದ್ದ: “ಬಾಗಿಲಲ್ಲಿ ನಿಂತ್ರೆ ಎಡಗಡೆ ಕ್ರಿಸ್ಮಸ್, ಬಲಗಡೆ ಊಟದ್ದು. ತಿಳೀತಾ?”

ತಿಳಿದಿತ್ತು. ಆದರೆ ಆ ಕೋಣೆಗೆ ಎದುರುಬದುರಾಗಿ ಎರಡು ಬಾಗಿಲು. ಕೆಲಸದವರು ಬರುವುದು ರಸ್ತೆಯ ಬಾಗಿಲಿಂದ. ಷಡ್ಡಕನನ್ನು ಕೆಲಸದವರ ಬಾಗಿಲಿಂದ ತರುವುದುಂಟೆ? ಗೊಮ್ಮಾರ್ ಅವನನ್ನು ಮೊದಲು ಕೊಪ್ಪರಿಗೆಗಳ ಸುತ್ತ ಮೆರವಣಿಗೆ ಮಾಡಿಸಿ, ಆಮೇಲೆ ಅಂಗಳದ ಬಾಗಿಲಿಂದ ಒಳಗೆ ತಂದ. ಬಾಗಿಲಲ್ಲಿ ನಿಂತ. ಎಡಗಡೆ ನೋಡಿದ. ಗೋಂದಿನ ಬಕೆಟ್ ಎತ್ತಿಕೊಂಡು ಎಡಗಡೆಗೇ ಹೋದ.

“ಭಾವ, ಲೇಬಲ್ಲೂ ನೀವೇ ಅಂಟಿಸ್ತೀರಾ?” ಎಂದು ಅಲ್ಬೆರಿಕ್ ಗಂಟಲು ಸರಿಮಾಡಿಕೊಂಡ.

“ರುಚಿ ನೋಡಿದವನೇ ಅಂಟಿಸ್ಬೇಕು. ನಿಮ್ಮ ಕಂಪನೀಲಿ ಸಹಿ ಹಾಕಲ್ವೆ? ಹಾಗೆ.”

“ಅಂದ್ರೆ ಕ್ರಿಸ್ಮಸ್ ಬಿಯರ್ ಅಂತ ಬೇರೆ ಏನಿದೆ ಅದರಲ್ಲಿ? ಬಿಯರ್ ಬಿಯರೇ ತಾನೆ?”

ಗೊಮ್ಮಾರ್ ಬ್ರಷ್ಷನ್ನು ಗೋಂದಿನಲ್ಲಿ ಅದ್ದಿ, ಪಾದ್ರಿಗಳು ಪ್ರವಚನಕ್ಕೆ ಮುಂಚೆ ತಡೆಯುವಂತೆ ಒಂದು ಕ್ಷಣ ತಡೆದ.

“ಮಾಮೂಲಿ ಬಿಯರ್ ಮಾಡೋದು ದಾಹಕ್ಕೆ. ಇದನ್ನ ಮಾಡೋದು ಚಳಿಗೆ. ಅದಕ್ಕೆ ಹಾಕೋದರ ಎರಡರಷ್ಟು ಮಾಲ್ಟು, ಅದರಲ್ಲೂ ಅರ್ಧ ಕಂದು ಬರೋ ಹಾಗೆ ಹುರಿದದ್ದು. ಕಪ್ಪು ಕಲ್ಲುಸಕ್ಕರೆ. ಕಹಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ದಾಲ್ಚಿನ್ನಿ, ಒಂದಿಷ್ಟು ಚಕ್ರಮೊಗ್ಗು. ಅಷ್ಟು ಹಾಕಿದ್ರೆ ಆಯ್ತಾ? ಇಲ್ಲ. ಹತ್ತು ವಾರ ಕತ್ತಲಲ್ಲಿ ಮಲಗಿಸ್ಬೇಕು. ಮೊದಲ ವಾರ ಒಂದೊಂದು ಸಾಮಾನೂ ಬೇರೆ ಬೇರೆ ಕೂಗಾಡತ್ತೆ. ಹತ್ತನೇ ವಾರಕ್ಕೆ ಎಲ್ಲ ಸೇರಿ ಒಂದೇ ದನಿ. ಕುಡಿಯೋವಾಗ ತಣ್ಣಗೆ ಕುಡೀಬಾರ್ದು, ಗಟಗಟ ಅಂತ ಕುಡೀಬಾರ್ದು. ಇದು ನಿಂತು ಕುಡಿಯೋ ಬಿಯರಲ್ಲ, ಕೂತು ಕುಡಿಯೋದು.”

ಕೇಳಿ ಅಲ್ಬೆರಿಕ್ ಕೈಗವಸು ಕಳಚಿದ. ಅದು ಅವನು ಯಾರಿಗೂ ತೋರದ ಗೌರವ.

ಒಡಿಲೋನ್ ಇಪ್ಪತ್ತೆರಡು ವರ್ಷ ಗೊಣಗಿದ್ದನ್ನೆಲ್ಲ ಗೊಮ್ಮಾರ್ ಅಕ್ಷರ ಬಿಡದೆ ಒಪ್ಪಿಸಿದ್ದ. ಭಾಷಣದಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ತಪ್ಪು ಇದ್ದದ್ದು ಕೈಯಲ್ಲಿ. ಭಾಷಣ ಮುಗಿಯುವ ಹೊತ್ತಿಗೆ ಊಟದ ಬಿಯರೆಲ್ಲ ಹಿಮದಲ್ಲಿ ಕೆಂಪು ಟೋಪಿ ತೊಟ್ಟ ಹೆಬ್ಬಾತುಗಳ ಕ್ರಿಸ್ಮಸ್ ಲೇಬಲ್ ಹಚ್ಚಿಕೊಂಡು ನಿಂತಿತ್ತು. ಒಡಿಲೋನನ ಹತ್ತು ವಾರದ ತಪಸ್ಸು ಹಳದಿ ಕಾಗದ ಸುತ್ತಿಕೊಂಡು ಊಟದ ಬಿಯರಾಗಿತ್ತು.

ಮರುದಿನ ಭಾನುವಾರ ಗೊಮ್ಮಾರನ ಮನೆಯಲ್ಲಿ ಊಟ. ಪಕ್ಕದ ಮನೆಯವನೆಂದು ನನ್ನನ್ನೂ ಕರೆದಿದ್ದ. ಗೊಮ್ಮಾರನ ಹೆಂಡತಿ ಗೊದೆಲೀವ್ ಒಣದ್ರಾಕ್ಷಿ ಹಾಕಿ ಮೊಲ ಬೇಯಿಸಿದ್ದಳು. ಮೇಜಿನ ತಲೆಯ ಕಡೆ ಗೊದೆಲೀವಳ ತಾಯಿ ಫಿಲೊಮೆನಾ ಕೂತಿದ್ದಳು. ಎಪ್ಪತ್ತೆಂಟು ವಯಸ್ಸು, ಕತ್ತಿನ ತನಕ ಗುಂಡಿ ಹಾಕಿದ ಕಪ್ಪು ಉಡುಪು. ಮಾತು ಕಮ್ಮಿ, ಆಡಿದರೆ ಎದುರಿಗಿದ್ದವರ ಮಾತು ಕಮ್ಮಿ.

ಗೊಮ್ಮಾರ್ ಹೆಬ್ಬಾತಿನ ಬಾಟಲಿ ತೆರೆದು, ಕಾಲಿರುವ ಲೋಟಗಳಿಗೆ ಔಷಧಿಯಂತೆ ಅಳೆದು ಸುರಿದ. ಮೂಗನ್ನು ಲೋಟದೊಳಗೆ ಇಳಿಬಿಟ್ಟ. ಕಣ್ಣು ಮುಚ್ಚಿದ. ಗುಟುಕರಿಸಿದ. ಆ ಕ್ಷಣ ಅವನ ಮುಖದಲ್ಲಿ ಏನೋ ಒಂದು ಅನುಮಾನ ಹಾದುಹೋದದ್ದನ್ನು ನಾನು ಕಂಡೆ. ಆದರೆ ಅಲ್ಬೆರಿಕನ ಹುಬ್ಬು ಆಗಲೇ ಏರಿ ಕಾಯುತ್ತಿತ್ತು.

“ದಾಲ್ಚಿನ್ನಿ,” ಎಂದ ಗೊಮ್ಮಾರ್, ದೂರದಿಂದ ಬಂದ ದನಿಯಲ್ಲಿ.

ಅಲ್ಬೆರಿಕ್ ಗುಟುಕರಿಸಿದ. “ಹೌದು, ಹೌದು. ಆದ್ರೆ ಭಾವ, ಕೊನೇಲಿ… ಕಿತ್ತಳೆ ಸಿಪ್ಪೆ!”

ಇಬ್ಬರೂ ನನ್ನ ಕಡೆ ನೋಡಿದರು. ನನಗೆ ಬಾಯಿ ಮುಕ್ಕಳಿಸಿದಂತಾಗಿತ್ತು. ಆದರೆ ಮೂರನೆಯವನಾಗಿ ಬಾಯಿ ತೆರೆಯುವವನಿಗೆ ಸತ್ಯ ಹೇಳುವ ಸೌಕರ್ಯ ಎಲ್ಲಿರುತ್ತದೆ? “ಲವಂಗ,” ಎಂದೆ.

“ಲವಂಗ ಹಾಕಿಲ್ಲವಲ್ಲ,” ಎಂದ ಗೊಮ್ಮಾರ್.

“ಹಾಕದೇ ಬಂದಿದೆ,” ಎಂದೆ. ಇಬ್ಬರೂ ಮೆಚ್ಚಿ ತಲೆದೂಗಿದರು.

“ಅತ್ತೆ, ನೀವೂ ಒಂದು ಗುಟುಕು?” ಎಂದ ಅಲ್ಬೆರಿಕ್.

“ನನಗೆ ನನ್ನ ತಲೆ ಬೇಕು,” ಎಂದು ಫಿಲೊಮೆನಾ ತನ್ನ ದೊಡ್ಡ ಲೋಟಕ್ಕೆ ಹಳದಿ ಲೇಬಲಿನ ಊಟದ ಬಿಯರ್ ತುಂಬಿಸಿಕೊಂಡಳು. ಅರವತ್ತು ವರ್ಷದಿಂದ ಮಧ್ಯಾಹ್ನಕ್ಕೆ ಎರಡು ಲೋಟ ಅವಳ ಲೆಕ್ಕ. ಮೊದಲ ಲೋಟ ಎಂದಿನಂತೆ ಎತ್ತಿ ಇಳಿಸಿದಳು. ಖಾಲಿ ಲೋಟವನ್ನು ನೋಡಿದಳು. ಎರಡನೆಯದು ತುಂಬಿಸಿದಳು. ಕತ್ತಿನ ಗುಂಡಿ ಒಂದು ಬಿಚ್ಚಿದಳು.

“ಅಲ್ಬೆರಿಕ್,” ಎಂದಳು.

ಹದಿನಾಲ್ಕು ವರ್ಷದಲ್ಲಿ ಅವಳು ಈ ಅಳಿಯನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಲ್ಬೆರಿಕ್ ಅರ್ಧ ಎದ್ದು ನಿಂತ.

“ನಿನ್ನ ಮೀಸೆ ನಂಗೆ ಯಾವತ್ತೂ ಹಿಡಿಸಿಲ್ಲ ಕಣಪ್ಪ. ಆದ್ರೆ ಇವತ್ತು ನೋಡಿದ್ರೆ ಪಾಪ ಅನ್ಸತ್ತೆ. ಅದಾದ್ರೂ ಎಲ್ಲಿಗೆ ಹೋಗತ್ತೆ, ಇರ್ಲಿ ಬಿಡು.” ಆಮೇಲೆ ಮೂರನೆಯ ಲೋಟ ತುಂಬಿಸಿಕೊಂಡು, “ಗೊಮ್ಮಾರ್, ಈ ಸಲದ ಊಟದ ಬಿಯರ್ ಬಲು ಚೆನ್ನಾಗಿದೆ. ಕಿತ್ತಳೆ ವಾಸನೆ ಬರತ್ತೆ,” ಎಂದಳು.

“ಅತ್ತೆ, ಅದು ನಮ್ಮ ಕ್ರಿಸ್ಮಸ್ ಬಿಯರಿನ ವಾಸನೆ. ಮೇಜಿನ ಈ ಕಡೆಯಿಂದ ಆ ಕಡೆಗೆ ಬರ್ತಿದೆ,” ಎಂದು ವಿವರಿಸಿದ ಪರೀಕ್ಷಕ.

ಹತ್ತು ನಿಮಿಷದಲ್ಲಿ ಫಿಲೊಮೆನಾ ಹಾಡುತ್ತಿದ್ದಳು. ಹಾಡು ಆಲೂಗಡ್ಡೆ ಅಗೆಯುವ ಹುಡುಗಿಯ ಬಗ್ಗೆ. ಎರಡನೆಯ ಚರಣದಿಂದ ಆಲೂಗಡ್ಡೆ ನೆಪಮಾತ್ರ. ಗೊದೆಲೀವ್ ಕಿವಿ ಮುಚ್ಚಿಕೊಂಡಳು. ಆಮೇಲೆ ಮುದುಕಿ ನನ್ನ ಕೈಹಿಡಿದು ಎಬ್ಬಿಸಿ, “ರೆಮಿ, ಬಾರೋ, ನಿನ್ನಪ್ಪ ಇದಕ್ಕಿಂತ ಚೆನ್ನಾಗಿ ಕುಣೀತಿದ್ದ,” ಎಂದು ಒಲೆಯ ಸುತ್ತ ಮೂರು ಸುತ್ತು ತಿರುಗಿಸಿದಳು. ನನ್ನಪ್ಪನ ಈ ಪ್ರತಿಭೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊದೆಲೀವ್ ಡಾಕ್ಟರ್ ರೇಮೇಕರ್ಸರಿಗೆ ಹೇಳಿಕಳಿಸಿದಳು. ಅವರು ಬಂದು ನಾಡಿ ನೋಡಿದರು, ನಾಲಿಗೆ ನೋಡಿದರು.

“ಏನು ಕುಡಿದಿದ್ದಾರೆ?”

“ಊಟದ ಬಿಯರ್ ಅಷ್ಟೇ, ಡಾಕ್ಟ್ರೇ.”

“ಅದರಲ್ಲೇನಿದೆ, ನೀರು. ಜ್ವರ ತಲೆಗೇರಿರಬೇಕು.” ಥರ್ಮಾಮೀಟರು ಜ್ವರವಿಲ್ಲ ಎಂದಿತು. ಡಾಕ್ಟರು ಅದನ್ನು ಕೊಡವಿ ಮತ್ತೆ ಇಟ್ಟರು. ಅದು ತನ್ನ ಮಾತು ಬದಲಿಸಲಿಲ್ಲ. ಅವರು ಯೋಚಿಸಲು ಕೂತರು.

“ಕ್ರಿಸ್ಮಸ್ ಬಿಯರ್ ಒಂದು ಲೋಟ?” ಎಂದ ಗೊಮ್ಮಾರ್.

“ಅಯ್ಯೋ ಬೇಡಪ್ಪ, ಇನ್ನೂ ನಾಲ್ಕು ಮನೆ ನೋಡ್ಬೇಕು. ಊಟದ್ದೇ ಕೊಡಿ.”

ಮೊದಲ ಲೋಟಕ್ಕೆ ಡಾಕ್ಟರು ರೋಗಕ್ಕೆ ಲ್ಯಾಟಿನ್ ಹೆಸರಿಟ್ಟರು. ಎರಡನೆಯದಕ್ಕೆ ಆ ರೋಗ ತಮಗೂ ಇರಬಹುದೆಂದರು. ಮೂರನೆಯದಕ್ಕೆ ಸ್ಟೆತಾಸ್ಕೋಪನ್ನು ಗೋಡೆ ಗಡಿಯಾರಕ್ಕೆ ಹಿಡಿದು, “ಹೃದಯ ಗಟ್ಟಿಮುಟ್ಟಾಗಿದೆ. ಇನ್ನೂ ನೂರು ವರ್ಷ ಬಾಳ್ತಾರೆ,” ಎಂದು ಗೊದೆಲೀವಳ ಕೈ ಕುಲುಕಿ, ಕುರ್ಚಿಯಲ್ಲೇ ನಿದ್ದೆಹೋದರು. ಉಳಿದ ನಾಲ್ಕು ಮನೆಯ ರೋಗಿಗಳು ಡಾಕ್ಟರು ಬಾರದೆಯೇ ಗುಣವಾದರು ಎಂದು ಆಮೇಲೆ ತಿಳಿಯಿತು.

ಸೋಮವಾರದಿಂದ ನಾನು ಹಂಚಲು ಹೊರಟೆ. ಹೆಬ್ಬಾತಿನ ಬಾಟಲಿಗಳು ಊರವರು ಬಿಯರ್ ಕುಡಿಯುವ ಕೆಫೆಗೆ, ಹಳದಿ ಲೇಬಲಿನವು ಮನೆಗಳಿಗೆ, ಸನ್ಯಾಸಿನಿಯರ ಮಠಕ್ಕೆ, ಪುರಸಭೆಗೆ.

ಮಠದಲ್ಲಿ ಹನ್ನೆರಡು ಜನ ಸನ್ಯಾಸಿನಿಯರು. ಊಟದ ಹೊತ್ತಿಗೆ ಮೌನ, ಮತ್ತು ಮೌನದ ಜೊತೆ ಒಂದೊಂದು ಲೋಟ ಊಟದ ಬಿಯರ್. ಮಂಗಳವಾರ ಮಧ್ಯಾಹ್ನ ಮಠದ ಗಂಟೆ ಹನ್ನೆರಡು ಹೊಡೆಯಬೇಕಾದದ್ದು ನಲವತ್ತೊಂದು ಹೊಡೆಯಿತು. ಊರವರು ಬೆಂಕಿ ಬಿದ್ದಿದೆಯೆಂದು ಬಕೆಟ್ ಹಿಡಿದು ಓಡಿದರು. ಅಲ್ಲಿ ಹಗ್ಗ ಹಿಡಿದಿದ್ದವರು ಎಂಬತ್ತರ ಸಿಸ್ಟರ್ ಕೊಲೆಟಾ. “ಎಷ್ಟು ಚೆನ್ನಾಗಿ ಕೇಳ್ಸತ್ತೆ! ಅರ್ಧಕ್ಕೆ ನಿಲ್ಸೋಕೆ ಮನಸ್ಸೇ ಬರ್ಲಿಲ್ಲ,” ಎಂದರು. ಅಂಗಳದಲ್ಲಿ ಮಠದ ಮುಖ್ಯಸ್ಥೆ ಮದರ್ ಬೆನೆದಿಕ್ತಾ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ಹಿಮದ ಉಂಡೆ ಕಟ್ಟುತ್ತಿದ್ದರು. ಅದು ಯಾರಿಗೆಂದು ತಿಳಿಯುವ ಮೊದಲೇ ನನ್ನ ಟೊಪ್ಪಿಗೆ ಹಾರಿಹೋಗಿತ್ತು.

ಗುರುವಾರ ಪುರಸಭೆ. ಅಲ್ಲಿ ಹನ್ನೊಂದು ವರ್ಷದಿಂದ ಒಂದೇ ವಿಷಯ: ಚೌಕದಲ್ಲಿ ಕಟ್ಟುವ ಬ್ಯಾಂಡ್ ಮಂಟಪದ ಮುಖ ಯಾವ ಕಡೆ? ಮೇಯರ್ ಸ್ಟಾನಿಸ್ಲಾಸರ ಪಕ್ಷ ಪುರಸಭೆಯ ಕಡೆ ಎಂದರೆ, ಮಾಂಸದಂಗಡಿ ಹಿಲೇರನ ಪಕ್ಷ ಚರ್ಚಿನ ಕಡೆ ಎನ್ನುತ್ತಿತ್ತು. ಹಿಂದೊಮ್ಮೆ ಕುರ್ಚಿ ಎಸೆದಾಡಿದ ಮೇಲೆ, ಸಭೆಯಲ್ಲಿ ಊಟದ ಬಿಯರ್ ಬಿಟ್ಟು ಇನ್ನೇನೂ ಕೂಡದೆಂದು ಕಾಯಿದೆಯಾಗಿತ್ತು. ಮಧ್ಯಾಹ್ನ ಎರಡಕ್ಕೆ ನಾನು ಕ್ರೇಟ್ ಇಳಿಸಿದೆ. ಮೂರಕ್ಕೆ ಖಾಲಿ ಕ್ರೇಟ್ ತರಲು ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ.

“ಹಿಲೇರ್,” ಎನ್ನುತ್ತಿದ್ದರು ಮೇಯರ್, ಕಣ್ಣೊರೆಸಿಕೊಂಡು, “ಚರ್ಚಿನ ಕಡೆ ಮುಖ ಮಾಡಿದ್ರೆ ತಪ್ಪೇನಯ್ಯ? ನಾನೂ ಅಲ್ಲೇ ಜ್ಞಾನಸ್ನಾನ ಮಾಡಿಸ್ಕೊಂಡೋನು.”

“ಇಲ್ಲ ಸ್ಟಾನಿಸ್ಲಾಸ್, ಪುರಸಭೆ ಕಡೆಗೇ ಇರ್ಲಿ. ನಿಂಗೆ ಕಿಟಕಿಯಿಂದ ಕೇಳ್ಸತ್ತೆ. ಹನ್ನೊಂದು ವರ್ಷ ನಿನ್ನ ಮೇಲೆ ಕೂಗಾಡಿದೀನಿ, ಇನ್ಮೇಲಾದ್ರೂ ನೀನು ಒಂದಿಷ್ಟು ಸಂಗೀತ ಕೇಳು.”

“ಬೇಡ, ಚರ್ಚ್ ಕಡೆ!”

“ನನ್ನಾಣೆ, ಪುರಸಭೆ ಕಡೆ!”

ಜಗಳ ಮತ್ತೆ ಹತ್ತಿಕೊಳ್ಳುವ ಹಾಗಿತ್ತು. ಅಷ್ಟರಲ್ಲಿ ಗುಮಾಸ್ತ ಕೈ ಎತ್ತಿ, ಮಂಟಪಕ್ಕೆ ಅಡಿಯಲ್ಲಿ ಚಕ್ರ ಹಾಕಿಸಿದರೆ ಹೇಗೆ ಎಂದ. ಠರಾವು ಸರ್ವಾನುಮತದಿಂದ, ಎರಡು ಸಲ, ಪಾಸಾಯಿತು. ಆಮೇಲೆ ಎಲ್ಲರೂ ಗುಮಾಸ್ತನನ್ನು ಹೆಗಲ ಮೇಲೆ ಹೊತ್ತರು. ಮಂಟಪ ಇವತ್ತಿಗೂ ತಿರುಗುತ್ತದೆ. ಗಾಳಿ ಜೋರಾದರೆ ತಾನಾಗಿಯೂ ತಿರುಗುತ್ತದೆ.

ಇತ್ತ ಕೆಫೆಯಲ್ಲಿ ಹೆಬ್ಬಾತಿನ ಬಿಯರ್ ಕುಡಿಯುವವರೆಲ್ಲ ಕಣ್ಣು ಮುಚ್ಚಿ ಕೂತಿರುತ್ತಿದ್ದರು. “ಈ ವರ್ಷ ಸೂಕ್ಷ್ಮವಾಗಿದೆ,” ಎನ್ನುತ್ತಿದ್ದ ಒಬ್ಬ. “ಮಸಾಲೆ ಇದೆ, ಆದ್ರೆ ತೋರಿಸ್ಕೊಳ್ಳಲ್ಲ,” ಎನ್ನುತ್ತಿದ್ದ ಇನ್ನೊಬ್ಬ. ಗಡಿಯಾರ ರಿಪೇರಿಯ ಬೌಡೆವೈನ್ ಒಬ್ಬನೇ, “ಲೇ, ಇದು ನಮ್ಮನೇಲಿ ಬೀನ್ಸ್ ಜೊತೆ ಕುಡಿಯೋದಲ್ವಾ?” ಎಂದ. ನಾಲಿಗೆಯಿಲ್ಲದ ಮನುಷ್ಯನೆಂದು ಅವನ ಕುರ್ಚಿಯನ್ನು ಬಾಗಿಲ ಹತ್ತಿರದ ಚಳಿಗೆ ಸರಿಸಲಾಯಿತು.

ಶನಿವಾರ ಒಡಿಲೋನ್ ತನ್ನ ವರ್ಷದ ಮೊದಲ ಬಾಟಲಿ ತೆರೆದ. ಪ್ರತಿ ವರ್ಷ ಅದೊಂದು ಶಾಸ್ತ್ರ. ಕಾರ್ಖಾನೆಯ ಕೊಪ್ಪರಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಕೈ ತೊಳೆದು, ಟೊಪ್ಪಿಗೆ ತೆಗೆದಿಟ್ಟು ಕುಡಿಯುವುದು. ನಾನೂ ಗೊಮ್ಮಾರನೂ ನಿಂತಿದ್ದೆವು. ಅಮ್ಮಾವ್ರೂ ಆಫೀಸಿನಿಂದ ಇಣುಕಿದರು.

ಮುದುಕ ಒಂದು ಗುಟುಕು ಕುಡಿದ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ನುಂಗಿದ. ಅವನ ಕಣ್ಣಲ್ಲಿ ನೀರು ತುಂಬಿತು.

“ಈ ಸಲ ಅಷ್ಟು ಚೆನ್ನಾಗಿ ಬಂದಿದೆಯಾ, ಮೇಸ್ತ್ರಿ?” ಎಂದ ಗೊಮ್ಮಾರ್.

“ಇದು ಊಟದ್ದು,” ಎಂದ ಒಡಿಲೋನ್. “ಇದನ್ನ ಯಾರು ಯಾರು ಕುಡಿದ್ರು?”

“ಊ… ಊರೆಲ್ಲ.”

“ಏನಂದ್ರು?”

ಉತ್ತರ ಕೊಟ್ಟದ್ದು ಅಮ್ಮಾವ್ರು. “ಅದ್ಭುತ ಅಂದ್ರು! ಸೂಕ್ಷ್ಮ ಅಂದ್ರು! ನಾನೇ ಕೆಫೇಲಿ ಕೇಳಿದೀನಿ.” ಎರಡು ವರ್ಷದಲ್ಲಿ ಅವರು ನಕ್ಕದ್ದು ಅದೇ ಮೊದಲು, ಆ ನಗು ನೋಡಿ ನಮಗೆ ನಡುಕ ಬಂತು. “ನಿಮ್ಮ ಬಿಯರ್ ಊಟದ ಬಿಯರಾಗಿ ಮನೆಮನೆಗೆ ಹೋಯ್ತು. ಒಬ್ಬರಾದ್ರೂ ಬಾಟಲಿ ವಾಪಸ್ ತಂದ್ರಾ? ಇದೇನು ಬೇರೆ ಥರ ಇದೆ ಅಂತ ಕೇಳಿದ್ರಾ? ನಾನು ಹೇಳಿದ್ದೇ ಸರಿ ಆಯ್ತು. ನಾಳೆ ಚರ್ಚಲ್ಲಿ ಪೂಜೆ ಆದ್ಮೇಲೆ ಕೆಫೇಲಿ ಊರಿಗೇ ಹೇಳ್ಬಿಡ್ತೀನಿ. ಇದೇ ಕೊನೆ ಕ್ರಿಸ್ಮಸ್ ಬಿಯರ್.”

ಒಡಿಲೋನ್ ಯಾರು ಮಾಡಿದ್ದು ಎಂದೂ ಕೇಳಲಿಲ್ಲ. ಏಪ್ರನ್ ಬಿಚ್ಚಿದ, ನಾಲ್ಕು ಮಡಿಕೆ ಮಡಚಿದ, ಕೊಪ್ಪರಿಗೆಯ ಮೇಲಿಟ್ಟು ಹೊರಟುಹೋದ. ಬೈದಿದ್ದರೆ ಗೊಮ್ಮಾರನಿಗೆ ಊಟ ಸೇರುತ್ತಿತ್ತು.

“ರೆಮಿ, ನಾನೇನು ಮಾಡ್ಲಿ?” ಎಂದ ನನ್ನ ವ್ಯಾನಿನಲ್ಲಿ ಕೂತು.

“ನಿನ್ನ ಅತ್ತೆ ಕುಣಿದದ್ದು, ಗಂಟೆ ನಲವತ್ತೊಂದು ಹೊಡೆದದ್ದು, ಎಲ್ಲ ಹೇಳು. ಮೇಸ್ತ್ರಿ ಬಿಯರ್ ಉಳಿಯತ್ತೆ.”

“ಹೇಳಿದ್ರೆ ಲೇಬಲ್ ಅಂಟಿಸಿದ್ದು ನಾನು ಅನ್ನೋದೂ ಹೇಳ್ಬೇಕು. ಬರೀ ಊಟದ ಬಿಯರಲ್ಲಿ ದಾಲ್ಚಿನ್ನಿ ಕಂಡೆ ಅಂತಾನೂ ಹೇಳ್ಬೇಕು. ನಾಳೆ ಅಲ್ಬೆರಿಕ್ ಆಫೀಸಿನ ಇಬ್ರನ್ನ ಕರ್ಕೊಂಡು ಬರ್ತಿದಾನೆ ಮಾರಾಯ, ರುಚಿ ಪರೀಕ್ಷಕನ್ನ ತೋರಿಸೋಕೆ!”

ನಾನು ವ್ಯಾನ್ ಸ್ಟಾರ್ಟ್ ಮಾಡಿದೆ.

ಭಾನುವಾರ ಪೂಜೆ ಮುಗಿದು ಕೆಫೆ ತುಂಬಿತ್ತು. ಅಲ್ಬೆರಿಕ್ ತನ್ನ ಇಬ್ಬರು ಸಹೋದ್ಯೋಗಿಗಳೊಡನೆ ಮುಂದಿನ ಮೇಜಿನಲ್ಲಿ. ಮೂರು ಜೊತೆ ಕೈಗವಸು ಸಾಲಾಗಿ. ಪಕ್ಕದಲ್ಲಿ ಫಿಲೊಮೆನಾ, ತೊಡೆಯ ಮೇಲೆ ದಪ್ಪ ಚೀಲ. ಒಡಿಲೋನ್ ಮೂಲೆಯಲ್ಲಿ, ಮುಂದೆ ಏನೂ ಇಟ್ಟುಕೊಳ್ಳದೆ. ಅಮ್ಮಾವ್ರು ಎದ್ದುನಿಂತು ಚಮಚದಿಂದ ಕಾಫಿ ಕಪ್ಪನ್ನು ಬಡಿದರು. “ಊರಿನವರಿಗೆಲ್ಲ ಒಂದು ವಿಷಯ ತಿಳಿಸ್ಬೇಕು…”

ಕುರ್ಚಿ ಬಿದ್ದ ಸದ್ದಾಯಿತು. ಗೊಮ್ಮಾರ್ ಕುರ್ಚಿ ಹತ್ತಲು ಹೋಗಿ ಬೀಳಿಸಿದ್ದ. ಆಮೇಲೆ ನೆಲದ ಮೇಲೇ ನಿಂತು ಮಾತಾಡಿದ.

“ಅಮ್ಮಾವ್ರೇ, ಮೊದಲು ನಾನು. ನಾನು ರುಚಿ ಪರೀಕ್ಷಕ ಅಲ್ಲ. ನಾನು ಲೇಬಲ್ ಅಂಟಿಸೋನು. ಇಪ್ಪತ್ತೆರಡು ವರ್ಷದಿಂದ.”

ಊರಿಗೆ ಇದು ಗೊತ್ತಿದ್ದ ಸಂಗತಿ. ಗೊತ್ತಿಲ್ಲದ ಮೂರು ಜೊತೆ ಕೈಗವಸು ಮಾತ್ರ ಅಲುಗಾಡಿತು.

“ಈ ಸಲ ತಿರುಗಾಮುರುಗಾ ಅಂಟಿಸಿದೆ. ನೀವೆಲ್ಲ ಇಲ್ಲಿ ಕಣ್ಮುಚ್ಕೊಂಡು ಕುಡಿದದ್ದು ಊಟದ ಬಿಯರ್.”

“ನಾ ಹೇಳ್ಲಿಲ್ವೇನ್ರೋ!” ಎಂದು ಬಾಗಿಲ ಚಳಿಯಿಂದ ಬೌಡೆವೈನ್ ಕೂಗಿದ.

“ಭಾವ!” ಅಲ್ಬೆರಿಕ್ ಎದ್ದ. ಗಂಟಲು ಸರಿಮಾಡಿಕೊಳ್ಳಲೂ ಮರೆತಿದ್ದ. “ಆವತ್ತು ದಾಲ್ಚಿನ್ನಿ ಅಂದ್ರಲ್ಲ!”

“ನಾನು ದಾಲ್ಚಿನ್ನಿ ಅಂದೆ. ನೀವು ಕಿತ್ತಳೆ ಸಿಪ್ಪೆ ಅಂದ್ರಿ. ರೆಮಿ ಲವಂಗ ಅಂದ. ಮೂವರೂ ಸೇರಿ ಬರೀ ನೀರಿಗೆ ಒಗ್ಗರಣೆ ಹಾಕಿದ್ವಿ.”

ಕೆಫೆಯಲ್ಲಿ ನಗು ಎದ್ದಿತು. ಗೊಮ್ಮಾರ್ ಬೆವರೊರೆಸಿಕೊಂಡು, ದನಿ ಏರಿಸಿದ.

“ನಗ್ರಿ. ಆದ್ರೆ ಲೇಬಲ್ ನೋಡದೇ ಕ್ರಿಸ್ಮಸ್ ಬಿಯರ್ ಕುಡಿದೋರು ಏನಾದ್ರು ಅದನ್ನೂ ಕೇಳಿ. ನಮ್ಮತ್ತೆಗೆ ಅದು ಕ್ರಿಸ್ಮಸ್ ಬಿಯರ್ ಅಂತ ಗೊತ್ತಿತ್ತಾ? ಹದಿನಾಲ್ಕು ವರ್ಷ ಮಾತಾಡ್ಸದ ಅಳಿಯನ್ನ ಮಾತಾಡ್ಸಿದ್ರು. ಸಿಸ್ಟರ್ ಕೊಲೆಟಾಗೆ ಗೊತ್ತಿತ್ತಾ? ಮೇಯರಿಗೆ ಗೊತ್ತಿತ್ತಾ? ಡಾಕ್ಟ್ರು ನಮ್ಮನೆ ಗಡಿಯಾರಕ್ಕೆ ಆಯಸ್ಸು ಗಟ್ಟಿ ಅಂತ ಹೇಳಿದ್ರು! ಹಳದಿ ಕಾಗದದಲ್ಲಿ ಸುತ್ತಿದ್ರೂ ಮೇಸ್ತ್ರಿ ಬಿಯರು ತನ್ನ ಕೆಲಸ ತಾನು ಮಾಡ್ತು. ತಪ್ಪು ನಂದು. ನನ್ನ ಕೆಲಸ ತೆಗೀರಿ ಅಮ್ಮಾವ್ರೇ, ಬಿಯರ್ ತೆಗೀಬೇಡಿ.”

ಮೇಯರೂ ಹಿಲೇರನೂ ಒಬ್ಬರ ಮುಖ ಒಬ್ಬರು ನೋಡಿದರು. “ಹಾಗಾದ್ರೆ ಆ ಚಕ್ರ…” ಎಂದರು ಮೇಯರ್ ನಿಧಾನವಾಗಿ. “ಠರಾವಾಗಿದೆ ಸ್ವಾಮಿ, ಎರಡು ಸಲ,” ಎಂದ ಗುಮಾಸ್ತ. ಡಾಕ್ಟರು ಲ್ಯಾಟಿನ್ನಿನಲ್ಲಿ ಏನೋ ಅಂದುಕೊಂಡರು.

“ಹಾಡಿದ್ದು ನಾನು, ಬಿಯರಲ್ಲ,” ಎಂದಳು ಫಿಲೊಮೆನಾ ಗಟ್ಟಿಯಾಗಿ. “ಆದ್ರೆ ಅದು ನೆನಪು ಮಾಡಿಕೊಟ್ಟಿತು.” ಚೀಲದಿಂದ ಹಳದಿ ಲೇಬಲಿನ ಬಾಟಲಿಯೊಂದನ್ನು ತೆಗೆದಳು. ಆ ವಾರವಿಡೀ ಅವಳು ಅದಿಲ್ಲದೆ ಹೊರಗೆ ಹೊರಟಿರಲಿಲ್ಲವೆಂದು ಗೊದೆಲೀವ್ ಆಮೇಲೆ ಒಪ್ಪಿಕೊಂಡಳು. ಲೋಟಕ್ಕೆ ಸುರಿದು ಅಮ್ಮಾವ್ರ ಮುಂದಿಟ್ಟಳು. “ಹೊರ್ತೆನ್ಸ್, ಇಷ್ಟು ವರ್ಷ ಮಾರಿದ್ದೀಯ. ಒಂದು ಸಲ ಕುಡಿ ತಾಯಿ. ಆಮೇಲೆ ಬೇಕಾದ್ರೆ ನಿಲ್ಲಿಸು.”

ಊರಿಡೀ ನೋಡುತ್ತಿರುವಾಗ ಅಮ್ಮಾವ್ರು ಬೇರೇನು ಮಾಡಿಯಾರು? ಒಂದು ಗುಟುಕು ಕುಡಿದರು. ಮುಖ ಕಿವುಚಲು ಸಿದ್ಧವಾಗಿದ್ದರು, ಅದು ಆಗಲಿಲ್ಲ. ಇನ್ನೊಂದು ಗುಟುಕು. ಆಮೇಲೆ ಅವರು ಕೂತರು. ಸ್ವಲ್ಪ ಹೊತ್ತಿಗೆ ಕೋಟಿನ ಗುಂಡಿ ಬಿಚ್ಚಿದರು. ಆ ಕೋಟಿನೊಳಗೆ ನೀಲಿ ಬಣ್ಣದ ಚೆಂದದ ಉಡುಪೊಂದಿದೆಯೆಂದು ನಮಗೆಲ್ಲ ಅವತ್ತೇ ಗೊತ್ತಾದದ್ದು.

“ನಮ್ಮ ಯಜಮಾನ್ರು ಪ್ರತಿ ವರ್ಷ ಒಂದು ಲೋಟ ತಂದು ಕೊಡ್ತಿದ್ರು,” ಎಂದರು ಯಾರಿಗೂ ಅಲ್ಲದಂತೆ. “ನಾನು ಬೇಡ ಅಂತಿದ್ದೆ. ಕುಡಿದು ನೋಡು ಹೊರ್ತೆನ್ಸ್ ಅಂತಿದ್ರು.” ಲೋಟ ತಿರುಗಿಸಿದರು. “ಅವರು ಹೋದ ಮೇಲೆ ಕೈ ಕಾಲು ಬೆಚ್ಚಗಾಗಿದ್ದು ಇವತ್ತೇ.”

ಒಡಿಲೋನ್ ಮೂಲೆಯಲ್ಲಿ ಟೊಪ್ಪಿಗೆ ತೆಗೆದ. ಈ ಸಲ ಅದು ಬೈಗುಳವಾಗಿರಲಿಲ್ಲ.

ಗೊಮ್ಮಾರನ ಕೆಲಸ ಹೋಗಲಿಲ್ಲ. ಅಲ್ಬೆರಿಕ್ ಒಂದು ಗಂಟೆ ಮುಖ ಊದಿಸಿಕೊಂಡಿದ್ದ. ಆದರೆ ಅವನ ಸಹೋದ್ಯೋಗಿಗಳು ಗೊಮ್ಮಾರನ ಸುತ್ತ ಕೂತು ಕಥೆಯನ್ನು ಮೂರು ಸಲ ಹೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಾಗ, ಅವನೂ ಕೈಗವಸು ಕಳಚಿ, “ಕಿತ್ತಳೆ ಸಿಪ್ಪೆ ಅಂದದ್ದು ನಾನೇ ಕಣ್ರೀ!” ಎಂದು ತನ್ನ ಪಾಲನ್ನು ಕೇಳಿ ಪಡೆದ.

ಮರುದಿನ ಅಮ್ಮಾವ್ರು ಕಾರ್ಖಾನೆಯ ಗೇಟಿಗೆ ನೋಟೀಸು ಹಚ್ಚಿಸಿದರು: ಹಳದಿ ಲೇಬಲಿನ ಬಾಟಲಿಗಳು ತಪ್ಪಾಗಿ ಹಂಚಿಕೆಯಾಗಿವೆ, ಮನೆಯಲ್ಲಿ ಇಟ್ಟುಕೊಂಡಿರುವವರು ದಯವಿಟ್ಟು ಹಿಂತಿರುಗಿಸಿ, ನಿಜವಾದ ಊಟದ ಬಿಯರ್ ಪಡೆಯಬೇಕು. ಗೊಮ್ಮಾರನೂ ನಾನೂ ಬದಲಿ ಕ್ರೇಟುಗಳನ್ನಿಟ್ಟುಕೊಂಡು ಮೂರು ದಿನ ಗೇಟಿನಲ್ಲಿ ಕಾಲು ಕುಟ್ಟುತ್ತ ನಿಂತೆವು. ಜನ ಬಂದರು, ನೋಟೀಸು ಓದಿದರು, “ಪಾಪ” ಎಂದರು, ಹೋದರು. ಯಾರ ಮನೆಯಲ್ಲಿ ಹಳದಿ ಬಾಟಲಿ ಉಳಿದಿದೆಯೆಂಬುದು ಮಾತ್ರ ಊರಿಗೆಲ್ಲ ಗೊತ್ತಾಗಿ, ಆ ಮನೆಗಳಿಗೆ ಆ ಕ್ರಿಸ್ಮಸ್ಸಿನಲ್ಲಿ ಎಂದೂ ಬಾರದ ನೆಂಟರೆಲ್ಲ ಬಂದರು. ಫಿಲೊಮೆನಾಳ ಮನೆಯಲ್ಲಿ ಕೂರಲು ಕುರ್ಚಿ ಸಾಲದೆ, ಚರ್ಚಿನಿಂದ ಬೆಂಚು ತರಿಸಿದರು.

ಮೂರನೆಯ ದಿನ ಮಠದಿಂದ ಒಂದು ಕ್ರೇಟ್ ಬಂತು. ಗೊಮ್ಮಾರ್ ಆಸೆಯಿಂದ ಮುಚ್ಚಿದ ಬಟ್ಟೆ ತೆಗೆದ. ಇಪ್ಪತ್ತು ಬಾಟಲಿಗಳೂ ಖಾಲಿ, ಥಳಥಳ ತೊಳೆದು ಒರೆಸಿಟ್ಟದ್ದು. ನಡುವೆ ಮದರ್ ಬೆನೆದಿಕ್ತಾರ ಕೈಬರಹದ ಚೀಟಿ: ‘ತಪ್ಪಾಗಿದೆ ಎಂದು ತಿಳಿದು ಬಹಳ ಬೇಸರವಾಯಿತು. ಮುಂದಿನ ವರ್ಷ ಯಾವ ತಾರೀಖಿಗೆ ಆಗುತ್ತದೆ ಎಂದು ಮೊದಲೇ ತಿಳಿಸಿದರೆ ಪ್ರಾರ್ಥನೆಯ ವೇಳೆ ಬದಲಿಸಿಕೊಳ್ಳುತ್ತೇವೆ.’

ಅಮ್ಮಾವ್ರು ಚೀಟಿಯನ್ನು ಎರಡು ಸಲ ಓದಿದರು. ಒಡಿಲೋನನ ಏಪ್ರನ್ ಇನ್ನೂ ಕೊಪ್ಪರಿಗೆಯ ಮೇಲೆಯೇ ಇತ್ತು. ಅದನ್ನು ತಾವೇ ಎತ್ತಿಕೊಂಡು ಹೋಗಿ ಅವನ ಕೈಗೆ ಕೊಟ್ಟರು.

“ಮೇಸ್ತ್ರಿ, ಮುಂದಿನ ವರ್ಷ ಕ್ರಿಸ್ಮಸ್ಸಿಗೆ ಎರಡು ಕೊಪ್ಪರಿಗೆ ಹಾಕೋಣ.”

ಒಡಿಲೋನ್ ಏಪ್ರನ್ನಿನ ಮಡಿಕೆ ಬಿಡಿಸಿ, ಸೊಂಟಕ್ಕೆ ಸುತ್ತಿ, ಹಿಂದೆ ಗಂಟು ಹಾಕಿಕೊಂಡ.

“ಎರಡು ಸಾಲಲ್ಲ, ಅಮ್ಮಾವ್ರೇ,” ಎಂದ. “ಈಗ ನೀವೂ ಕುಡೀತೀರಲ್ಲ.”